ಒಂದೇ ಕೈಯ ಬ್ಯಾಗು

ಮೇ 9, ಶುಕ್ರವಾರ. ಸಂಜೆ

ಕೂಸು ಬನಿಯ ಲಂಗೋಟಿಗಳನ್ನು ಒಗೆದು ಹರವಿ ಬಂದೆ. ಇವತ್ತು ಎಷ್ಟನೆಯ ಸಲವೋ. ಬಿಸಿಲಿಗೆ ಗಳಿಗೆಯಲ್ಲಿ ಒಣಗುತ್ತವೆ. ಇಳಕಲ್ಲಿನ ಬೇಸಿಗೆಗೂ ಒಂದು ಉಪಯೋಗ ಸಿಕ್ಕಿತು.

ಹುನಗುಂದದಿಂದ ಸಂಗಯ್ಯ ಸರ್ ಫೋನು. ನಮ್ಮ ಶಾಲೆಯ ಹೆಡ್‌ಮಾಸ್ಟರು. ಜೂನ್ ಎರಡಕ್ಕೆ ಹಾಜರಾದರೆ ವಿಜ್ಞಾನದ ಪಿರಿಯಡ್ಡುಗಳು ನನಗೇ. ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಅತಿಥಿ ಶಿಕ್ಷಕಿಯ ಹಣೆಬರಹ ಇದು - ಜೂನ್ ಬಂತೆಂದರೆ ಮತ್ತೆ ಹೊಸಬಳು.

ಹೋಗಲೇಬೇಕು. ಇನ್ನೊಂದು ವರ್ಷ ಮನೆಯಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆ ನನಗೆ. ಆದರೆ ಬಾಟಲಿ ಬಾಯಿಗೆ ತಂದರೆ ಬನಿ ಉಗುಳಿಬಿಡುತ್ತಾಳೆ. ಐದು ತಿಂಗಳಾದರೂ ನನ್ನ ಹಾಲು ಬಿಟ್ಟು ಬೇರೇನೂ ಒಲ್ಲಳು. ಅಂದರೆ ನಾನೆಲ್ಲಿಯೋ ಅವಳೂ ಅಲ್ಲಿ. ಜೊತೆಯ ಟೀಚರ್ ಫರಹಾನಾಳ ಮನೆ ಶಾಲೆಯ ಎದುರಿಗೇ ಇದೆ. ಅವಳ ತಾಯಿ ಕೂಸನ್ನು ನೋಡಿಕೊಳ್ಳುತ್ತಾರಂತೆ. ಬೆಲ್ಲು ಹೊಡೆದಾಗ ಓಡಿಹೋಗಿ ಕುಡಿಸಿ ಬರುವುದು. ಬಸ್ಸು ಹೇಗೂ ಹೆಂಗಸರಿಗೆ ಫ್ರೀ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮಲ್ಲು (ಗಂಡನ ಹೆಸರು ಹಿಡಿಯುವ ಸ್ವಾತಂತ್ರ್ಯ ಈ ಪುಸ್ತಕದಲ್ಲಿ ಮಾತ್ರ) ರೊಟ್ಟಿಯನ್ನೇ ನೋಡುತ್ತ ಕೂತ. ಮಾವ ಬಾಬಣ್ಣ ನೀರು ಕುಡಿದರು. ಅತ್ತೆ ಶೇಖವ್ವನೇ ಬಾಯಿ ಬಿಟ್ಟರು.

“ಒಂದಿನಾ ಹೋಗಿ ನೋಡೂಣು, ನಾನೂ ಸಂಗಾಟ ಬರ್ತೇನಿ. ಕೂಸು ಒಣಾ ಅರಿವ್ಯಾಗ ನಕ್ಕೋತ ಹೊಳ್ಳಿ ಮನಿಗೆ ಬಂತಂದ್ರ ನೌಕರಿಗೆ ಹೋಗು. ಇಲ್ಲಂದ್ರ ಅದಕ್ಕ ವರ್ಷ ತುಂಬೂತನಾ ಆ ಮಾತ ಎತ್ತಬ್ಯಾಡ.”

ಒಪ್ಪಿಕೊಂಡೆ. ಪರೀಕ್ಷೆ ಎಂದರೆ ನನಗೇನು ಭಯ.

ಮೇ 10, ಶನಿವಾರ

ಭಯ ಶುರುವಾಯಿತು.

ತೂಕ ನೋಡಿಸಲು ಬನಿಯನ್ನು ದವಾಖಾನೆಗೆ ಒಯ್ದಿದ್ದೆವು. ಹೆಗಲಿಗೆ ನನ್ನ ಕಾಲೇಜು ಕಾಲದ ಚೀಲ. ಎಲ್ಲದಕ್ಕೂ ಒಂದೇ ಹೊಟ್ಟೆ ಅದಕ್ಕೆ. ಸರತಿಯಲ್ಲಿ ಕೂತಾಗಲೇ ಬನಿ ತೋಯಿಸಿಕೊಂಡಳು. ಡೈಪರು ಚೀಲದ ತಳ ಸೇರಿದೆ. ಎಡಗೈಯಲ್ಲಿ ಕೂಸು, ಬಲಗೈ ಚೀಲದೊಳಗೆ ಮೊಣಕೈವರೆಗೆ, ಹಲ್ಲಿನಲ್ಲಿ ದವಾಖಾನೆಯ ಕಾರ್ಡು. ಕೈಗೆ ಸಿಕ್ಕಿದ್ದು ಬಾಚಣಿಗೆ. ಅಷ್ಟರಲ್ಲಿ ಅತ್ತೆ ತಮ್ಮ ಹಳೇ ಸೀರೆಯ ಗಂಟು ಬಿಚ್ಚಿ ಒಣ ಲಂಗೋಟಿ ಮುಂದೆ ಹಿಡಿದರು. ಸಣ್ಣಗೆ ನಕ್ಕರು, ಅಷ್ಟೇ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸರಿಯಾದ ಬ್ಯಾಗು ಬೇಕು. ಒಂದೇ ಕೈಯಲ್ಲಿ ತೆರೆಯುವಂಥದ್ದು, ಹಸಿ-ಒಣ ಒಂದಕ್ಕೊಂದು ತಾಗದಂಥದ್ದು, ಬೆನ್ನಿಗೆ ಹಾಕಿಕೊಂಡರೆ ಬಸ್ಸಿನ ಕಂಬಿಗೆ ಒಂದು ಕೈ ಉಳಿಯುವಂಥದ್ದು. ನೇಯ್ದ ಸೀರೆ ಮಾರಿಹೋಗದ ತಿಂಗಳಿದು, ಸಾವಿರದೊಳಗೆ ಮುಗಿಸು ಎಂದ ಮಲ್ಲು. ಮೊಬೈಲಿನಲ್ಲಿ ನೋಡಿದೆ. ಕೆಲವು ಬ್ಯಾಗುಗಳ ಬೆಲೆಗೆ ಒಂದು ಆಡೇ ಬರುತ್ತದೆ! ಬಾಟಲಿ ಬಿಸಿ ಇಡುವ ಖಾನೆಯಂತೆ - ನಮ್ಮವಳಿಗೆ ಬಾಟಲಿಯೇ ಬೇಡ. ತಳ್ಳುಗಾಡಿಗೆ ಸಿಕ್ಕಿಸುವ ಕೊಕ್ಕೆಯಂತೆ - ನಮ್ಮ ಓಣಿಯಲ್ಲಿ ಎಮ್ಮೆಯೇ ನೋಡಿ ಹೆಜ್ಜೆ ಇಡುತ್ತದೆ, ತಳ್ಳುಗಾಡಿ ಎಲ್ಲಿಂದ ಬರಬೇಕು? ಇಂಥದ್ದಕ್ಕೆಲ್ಲ ದುಡ್ಡು ಕೊಡಬಾರದು ಎನ್ನುವುದಾದರೂ ತಿಳಿಯಿತು.

ಮೇ 13, ಮಂಗಳವಾರ

ಆರ್ಡರ್ ಮಾಡಿದೆ. ಬೂದು ಬಣ್ಣ. ಗುಲಾಬಿ ಕರಡಿಗಳು ಇಲ್ಲದ್ದೇ ಬೇಕೆಂದು ಹುಡುಕಿದೆ. ಕರಡಿ ಇದ್ದರೆ ಮಲ್ಲು ಮುಟ್ಟುವುದಿಲ್ಲ, ಅವನೂ ಹೊರಬೇಕಲ್ಲ. ಅಗಲ ಬಾಯಿ, ಒಳಗೆ ರಬ್ಬರಿನ ಖಾನೆ, ಮಡಚುವ ಹಾಸು. ‘ಕಾಟನ್ ಕ್ಯಾನ್‌ವಾಸ್’ ಅಂತ ಬರೆದಿದ್ದಾರೆ. ರೇಟೂ ಸಾವಿರದೊಳಗೇ ಕೂತಿತು.

ಮಾವ ಬಂದು ಯಾವ ಅರಿವೆ ಎಂದು ಕೇಳಿದರು. ಹತ್ತಿ ಎಂದೆ. ಫೋನಿನಲ್ಲಿ ಮುಟ್ಟಿ ನೋಡಲು ಬರುತ್ತದೆಯೇ ಎಂದರು. ನಾನು ನಕ್ಕೆ.

ಮೇ 18, ರವಿವಾರ

ಬ್ಯಾಗು ಬಂತು. ಬ್ಯಾಗು ಸುಟ್ಟಿತು.

ನಡುವೆ ನಾನು ಬನಿಗೆ ನೀರೆರೆದು ಬಂದಿದ್ದೆ, ಅಷ್ಟೇ. ಮಾವನವರದು ಹಳೇ ನೇಕಾರರ ಚಾಳಿ. ಯಾವ ಅರಿವೆ ಸಿಕ್ಕರೂ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟು ಮೂಸುವುದು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟಂತೆ ಬಂದರೆ ಹತ್ತಿ, ಕರಗಿ ಗುಂಡಾದರೆ ಮೋಸ. ನನ್ನ ಮದುವೆಯ ಸೀರೆಗೂ ಈ ಶಾಸ್ತ್ರ ಆಗಿತ್ತು. ಮೊಮ್ಮಗಳ ಬ್ಯಾಗನ್ನು ಬಿಟ್ಟಾರೆಯೇ? ಎಳೆ ಎಳೆದಿದ್ದಾರೆ. ಹರಿದಿಲ್ಲ. ಹರಿಯದಿದ್ದರೇನು ಎಂದು ಬ್ಯಾಗಿಗೆ ಅಂಟಿಕೊಂಡಿದ್ದಾಗಲೇ ಕಡ್ಡಿ ಹಚ್ಚಿದ್ದಾರೆ. ಬೆಂಕಿ ಎಳೆಯ ಗುಂಟ ಸರಸರ ಹೋಗಿ ಪಕ್ಕೆಯಲ್ಲಿ ಅಂಗೈಯಗಲದ ತೂತು. ನಾನು ಹೊರಬಂದಾಗ ನೀರಿನ ತಂಬಿಗೆ ಮಾವನ ಒಂದು ಕೈಯಲ್ಲಿ, ಹೊಗೆಯಾಡುವ ಬ್ಯಾಗು ಇನ್ನೊಂದು ಕೈಯಲ್ಲಿ.

“ನೋಡವ್ವಾ,” ಎಂದರು, “ಹತ್ತಿ ಅಲ್ಲ ಇದು. ಮೋಸ ಮಾಡ್ಯಾರ ನಿನಗ.”

ಗೆದ್ದವರ ಮುಖ. ಆಮೇಲೆ ತೂತು ಕಂಡಿತು ಅವರಿಗೆ. ಮುಖ ಇಳಿಯಿತು.

ಮೇ 20, ಮಂಗಳವಾರ

ಸುಟ್ಟ ಮಾಲು ವಾಪಸ್ ಇಲ್ಲವಂತೆ. ಮತ್ತೊಂದು ಕೊಳ್ಳಲು ದುಡ್ಡೂ ಇಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆಯವರೆದುರು ಅಳಬಾರದೆಂದು ಉಳ್ಳಾಗಡ್ಡಿ ಹೆಚ್ಚುತ್ತ ಅತ್ತುಕೊಂಡೆ. ಎರಡು ದಿನದಿಂದ ಮಾವನವರ ಜೊತೆ ಮಾತಿಲ್ಲ. ಅವರೂ ಅರ್ಧ ರೊಟ್ಟಿಗೆ ಎದ್ದು ಹೋಗುತ್ತಾರೆ. ಮಲ್ಲು ಮಾತ್ರ ಮಗ್ಗದ ಕುಣಿಯಲ್ಲಿ ಕೂತು ಒಬ್ಬನೇ ನಗುತ್ತಾನೆ. ತಡೆದುಕೊಳ್ಳಲು ಬರುವುದಿಲ್ಲವಂತೆ.

ಮೇ 22, ಗುರುವಾರ

ಬೆಳಿಗ್ಗೆ ನೋಡಿದರೆ ಬ್ಯಾಗಿಲ್ಲ, ಮಾವನೂ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಾಂದಸಾಬರ ಅಂಗಡಿಯಲ್ಲಿದ್ದರು. ಚಾಂದಸಾಬರು ಶಾಲೆ ಬ್ಯಾಗು, ಬೈಕಿನ ಸೀಟುಕವರು ಹೊಲಿಯುವವರು. ಅಲ್ಲಿಂದಲೇ ಫೋನು, ಹೇಗೆ ಹೊಲಿಯಬೇಕೆಂದು ನೀನೇ ಬಂದು ಹೇಳು ಎಂದು.

ಹೋದೆ. ಚಾಂದಸಾಬರಿಗೆ ತೂತಿನ ಮೇಲೆ ಒಂದು ಮೊಲ ಹಚ್ಚುವ ಆಸೆ. ಚಂದ ಕಾಣುತ್ತದೆ ಅಕ್ಕಾರ ಎಂದು ಮೊಲವನ್ನು ತೆಗೆದೇ ಇಟ್ಟಿದ್ದರು, ಹೊಳೆಯುವ ಕಿವಿಯದು. ಬೇಡವೆಂದೆ. ರೆಕ್ಸಿನ್ ಸುರುಳಿಯೊಂದನ್ನು ಕೂಸಿನ ಹಾಗೆ ಎಡಗೈಯಲ್ಲಿ ಎತ್ತಿಕೊಂಡು, ಬಲಗೈ ಸಹಜವಾಗಿ ಎಲ್ಲಿಗೆ ಹೋಗುತ್ತದೆ ನೋಡಿದೆ. ನೆಟ್ಟಗೆ ತೂತಿಗೇ ಹೋಯಿತು! ಮುಚ್ಚಬೇಡಿ, ಇನ್ನೂ ಅಗಲ ಮಾಡಿ ಎಂದೆ. ಅಂಚಿಗೆ ಪಟ್ಟಿ, ಮೇಲೊಂದು ಮುಚ್ಚಳ, ಒಳಗೆ ಡೈಪರಿನ ಖಾನೆ. ಬ್ಯಾಗು ಕೆಳಗಿಳಿಸದೆ, ಝಿಪ್ಪು ಎಳೆಯದೆ, ಕಣ್ಣುಮುಚ್ಚಿ ಡೈಪರು ತೆಗೆಯಬಹುದು. ಹಸಿ ಅರಿವೆಗೆ ಆಚೆ ಪಕ್ಕೆಯಲ್ಲಿ ರೆಕ್ಸಿನ್ ಜೇಬು.

ಮೊಲ ಹೋದದ್ದಕ್ಕೆ ಚಾಂದಸಾಬರಿಗೆ ಬೇಸರ. ಮಾವನಿಗೆ ಮಾತ್ರ ಜೀವ ಬಂತು. ಬರುವಾಗ ದಾರಿಯಲ್ಲಿ ಕಬ್ಬಿನಹಾಲು ಕುಡಿಸಿದರು. ಕುಡಿದೆ. ಸಿಟ್ಟು ಇಷ್ಟಕ್ಕೇ ಇಳಿಯಿತಲ್ಲ ಎಂದು ನನ್ನ ಮೇಲೇ ಸಿಟ್ಟು.

ಮೇ 25, ರವಿವಾರ

ಬ್ಯಾಗು ಮನೆಗೆ ಬಂತು. ಕಂಪನಿಯವರು ಕೊಟ್ಟ ಮಡಚುವ ಹಾಸು ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು, ತೆಗೆದು ಎಸೆದೆ. ಅದರ ಬದಲಿಗೆ ಬನಿಯ ಸಣ್ಣ ಕೌದಿ, ಕೆಳಗೊಂದು ರಬ್ಬರ್ ಶೀಟು.

ಮಧ್ಯಾಹ್ನ ಪಡಸಾಲೆಯಲ್ಲಿ ತಾಲೀಮು. ಬನಿ ಮಲಗಿದ್ದಳು, ಅವಳ ಬದಲು ಕುಂಬಳಕಾಯಿ. ಅದಕ್ಕೂ ಡೈಪರು ತೊಡಿಸಿದೆ. ಮಲ್ಲು ಡ್ರೈವರೂ ಹೌದು, ಕಂಡಕ್ಟರೂ ಹೌದು. ಬ್ರೇಕು ಹಾಕಿದಾಗಲೆಲ್ಲ ನನ್ನನ್ನು ದೂಡುತ್ತಾನೆ, ಆಧಾರ್ ಕಾರ್ಡು ತೋರ್ಸ್ರಿ ಅನ್ನುತ್ತಾನೆ. ಮಾವ ಸೀಟು ಬಿಡದ ಮುದುಕ. ಮೊದಲು ತಡವರಿಸಿದೆ, ಆಮೇಲೆ ಕೈ ಕೂತಿತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅತ್ತೆ ಮೂಲೆಯಲ್ಲಿ ರಾಟೆ ತಿರುಗಿಸುತ್ತ ಮಲ್ಲುವಿನ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನಗಲಿಲ್ಲ.

“ಕುಂಬಳಕಾಯಿ ಕಾಲ ಒದಿಯೂದಿಲ್ಲವ್ವಾ,” ಎಂದರು.

ಖರೆ.

ಮೇ 29, ಗುರುವಾರ. ಸಂಜೆ

ಪರೀಕ್ಷೆ ಮುಗಿಯಿತು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಯಾರೋ ಪುಣ್ಯಾತ್ಮಳು ಸರಿದು ನಮ್ಮಿಬ್ಬರಿಗೂ ಸೀಟು ಮಾಡಿಕೊಟ್ಟಳು. ಊರು ದಾಟಿದ್ದೇ ತಡ ಬನಿ ಮುಖ ಕೆಂಪಗೆ ಮಾಡಿ ತಿಣುಕಿದಳು. ಸಣ್ಣದಲ್ಲ, ಬೆನ್ನಿನವರೆಗೆ. ಅತ್ತೆ ತಮ್ಮ ಲಂಗೋಟಿಯ ಗಂಟನ್ನು ಮಡಿಲಲ್ಲಿ ಹಿಡಿದು ಕಾಯುತ್ತ ಕೂತರು. ನನ್ನ ಬಲಗೈ ಬ್ಯಾಗಿನ ಪಕ್ಕೆಗೆ ಹೋಯಿತು. ಕೌದಿ ತೊಡೆಯ ಮೇಲೆ, ಡೈಪರು ಕೈಯಲ್ಲಿ, ಹೊಲಸೆಲ್ಲ ರೆಕ್ಸಿನ್ ಜೇಬಿನಲ್ಲಿ. ಬನಿ ಒದ್ದಳು, ಒಂದು ಕಾಲು ಅತ್ತೆಯ ಗದ್ದಕ್ಕೇ ಬಿತ್ತು. ನಾನು ಬಿಡಲಿಲ್ಲ. ಮುಗಿದಾಗ ಹಿಂದಿನ ಸೀಟಿನ ಹೆಂಗಸು ಬ್ಯಾಗು ಎಲ್ಲಿ ತಗೊಂಡ್ರಿ ಎಂದು ಕೇಳಿದಳು. ನಮ್ಮ ಮಾವಾರು ಮಾಡಿಸಿದ್ದು ಎಂದೆ. ಸುಟ್ಟ ಕಥೆ ಹೇಳಲಿಲ್ಲ.

ಫರಹಾನಾಳ ತಾಯಿ ಕೈ ಚಾಚಿದ್ದೇ ಬನಿ ಹೋಗಿಬಿಟ್ಟಳು. ಅಳಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ಸಂಗಯ್ಯ ಸರ್‌ಗೆ ಮುಖ ತೋರಿಸಿ ಬಂದೆ. ವಾಪಸ್ ಬಸ್ಸಿನಲ್ಲಿ ಒಣ ಅರಿವೆಯಲ್ಲಿ ಬನಿ ಕಿಟಕಿಯ ಗಾಳಿಗೆ ನಗುತ್ತ ಬಂದಳು.

ನೂರಕ್ಕೆ ನೂರು! ಆದರೆ ಅತ್ತೆ ದಾರಿಯುದ್ದಕ್ಕೂ ಬಿಚ್ಚದ ಗಂಟನ್ನು ಮಡಿಲಲ್ಲೇ ಹಿಡಿದುಕೊಂಡಿದ್ದರು. ಮನೆಗೆ ಬಂದು ರಾಟೆಯ ಮುಂದೆ ಕೂತರು. ತಿರುಗಿಸುತ್ತಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.

ಮೇ 30, ಶುಕ್ರವಾರ

ಮುಂಜಾನೆ ನಾನೇ ಹೋಗಿ ಕೇಳಿದೆ. ಅತ್ತೀ, ಏನು ತಪ್ಪಾಯಿತು ಹೇಳಿ ಎಂದು. ತೊಡೆಯ ಮೇಲೆ ಬನಿಯನ್ನು ಮಲಗಿಸಿಕೊಂಡಿದ್ದರು.

“ಏನೂ ತಪ್ಪಾಗ್ಲಿಲ್ಲ, ಅದಕ್ಕ ಸಂಕಟ. ಕೂಸು ಅತ್ತರ ನೀ ಮನ್ಯಾಗ ಇರ್ತಿ ಅಂತ ಮಾಡಿದ್ದೆ. ಅದು ನಕ್ಕೋತ ಮಂದಿ ಕೈಯಾಗ ಹೋತು.” ಸೆರಗಿನಿಂದ ಮೂಗು ಒರೆಸಿಕೊಂಡರು. “ಹೊತ್ತ ಹೊಂಟಾಗಿಂದ ಸಂಜೀತನಾ ಇದಿಲ್ಲದ ಮನ್ಯಾಗ ನಾ ಹೆಂಗ ಇರ್ಲಿ, ಸುಶ್ಮಿ?”

ಖಾನೆ, ಜೇಬು, ಮುಚ್ಚಳ, ಎಲ್ಲ ಯೋಚನೆ ಮಾಡಿದ್ದೆ. ಇವರೊಬ್ಬರನ್ನೇ ಯೋಚಿಸಿರಲಿಲ್ಲ. ಪಾಪ ಅನಿಸಿತು, ನಾಚಿಕೆಯೂ ಆಯಿತು. ಆದರೆ ನೌಕರಿ ಬಿಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಸುಳ್ಳೇಕೆ ಬರೆಯಲಿ.

ನೀವೂ ದಿನಾ ಬನ್ನಿ ಎಂದೆ. ಫರಹಾನಾಳ ತಾಯಿಗೂ ಜೊತೆಯಾಗುತ್ತದೆ. ನಿಮಗೂ ಬಸ್ಸು ಫ್ರೀ. ಅತ್ತೆ ತಲೆ ಆಡಿಸಿದರು. ಕಂಡಿಕೆ ಯಾರು ಸುತ್ತಬೇಕು, ಸುತ್ತದಿದ್ದರೆ ಮಗ್ಗ ನಿಲ್ಲುತ್ತದೆ ಎಂದರು. ಅದೂ ಸುಳ್ಳಲ್ಲ. ನಮ್ಮ ಓಣಿಯಲ್ಲಿ ಅದು ಹೆಂಗಸರ ಕೆಲಸ. ಗಂಡಸು ರಾಟೆಗೆ ಕೂತದ್ದನ್ನು ನಾನಂತೂ ಕಂಡಿಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಕಂಡಿಕಿ ನಾ ಸುತ್ತತೇನಿ,” ಎಂದರು. “ನೀ ಕೂಸಿನ ಸಂಗಾಟ ಹೋಗು.”

ಮಂದಿ ನಗ್ತಾರ ಎಂದರು ಅತ್ತೆ. ಬ್ಯಾಗು ಸುಟ್ಟಾಗಲೇ ನಕ್ಕು ಮುಗಿಸಿದ್ದಾರೆ ಎಂದು ಮಾವ ಹೋಗಿ ರಾಟೆಯ ಮುಂದೆ ಕೂತೇಬಿಟ್ಟರು. ಮೊದಲ ಕಂಡಿಕೆ ಹೊಟ್ಟೆ ಬಂದ ಬದನೆಕಾಯಿಯ ಹಾಗಾಯಿತು. ಅತ್ತೆ ನೋಡಿದರು, ನಗು ತಡೆದರು, ಆಮೇಲೆ ಜೋರಾಗಿ ನಕ್ಕರು. ಬನಿ ಬೆಚ್ಚಿ ಎದ್ದಳು.

ಜೂನ್ 1, ರವಿವಾರ

ನಾನು ಜೋಡಿಸಿಟ್ಟ ಬ್ಯಾಗನ್ನು ಅತ್ತೆ ಪೂರ್ತಿ ಬರಿದು ಮಾಡಿ ಮತ್ತೆ ಜೋಡಿಸಿದ್ದಾರೆ. ರೆಕ್ಸಿನ್ ಜೇಬಿನಲ್ಲಿ ಎಲೆ-ಅಡಿಕೆಯ ಚೀಲ! ಅದು ಯಾವುದರ ಜೇಬು ಎಂದು ನೆನಪಿಸಿದೆ. ಗಡಬಡಿಸಿ ತೆಗೆದರು. ಸಂಜೆಯೆಲ್ಲ ಎಡಗೈಯಲ್ಲಿ ಬನಿಯನ್ನು ಎತ್ತಿಕೊಂಡು ಬಲಗೈಯಲ್ಲಿ ಮುಚ್ಚಳ ತೆಗೆದು ಹಾಕಿ ರೂಢಿ ಮಾಡಿಕೊಂಡರು. ನಾನು ಹೇಳಿಕೊಡಲು ಹೋದರೆ ನಿನ್ನ ಪಾಠ ನೀನು ನೋಡಿಕೋ ಎನ್ನುತ್ತಾರೆ. ನೋಡಿಕೊಳ್ಳುವುದು ಇದೆ. ಬೆಳಕಿನ ಪಾಠ, ಮರೆತೇ ಹೋಗಿದೆ.

ಜೂನ್ 2, ಸೋಮವಾರ. ಮುಂಜಾನೆ

ಬನಿ ಕುಡಿದು ಮುಗಿಸಿದಳು. ಮಾವ ಆಗಲೇ ರಾಟೆಗೆ ಕೂತಿದ್ದಾರೆ, ಬಾಗಿಲು ಅರ್ಧ ಮುಚ್ಚಿಕೊಂಡು. ಮಲ್ಲು ನನ್ನ ಡಬ್ಬಿ ಕಟ್ಟಿದ. ಭಯವಿದೆ, ಬಹಳ ಖುಷಿಯೂ ಇದೆ.

ಅತ್ತೆ ಅಂಗಳದಲ್ಲಿ ನಿಂತಿದ್ದಾರೆ. ಹೊಸ ಇಳಕಲ್ ಸೀರೆ, ಬೆನ್ನಿಗೆ ಬೂದು ಬ್ಯಾಗು, ಸೊಂಟದ ಮೇಲೆ ಬನಿ. ಪಕ್ಕದ ಮನೆಯ ಸುರೇಖಾ ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. “ನಮ್ಮ ಟೀಚರ್‌ನ ಸಾಲಿಗೆ ಮುಟ್ಟಸಾಕ ಹೊಂಟೇನಿ,” ಅಂದರು - ಓಣಿಗೆಲ್ಲ ಕೇಳುವ ಹಾಗೆ. ಇಷ್ಟು ದಿನ ಯಾರು ಕೇಳಿದರೂ ನನ್ನ ಹೆಸರನ್ನೇ ಹೇಳುತ್ತಿದ್ದರು, ಟೀಚರ್ ಎಂದು ಒಮ್ಮೆಯೂ... ನಾನು ಬರೆಯುತ್ತ ಕೂತಿದ್ದು ಅತ್ತೆಗೆ ಕಂಡುಬಿಟ್ಟಿತು. ಕರೆಯುತ್ತಿದ್ದಾರೆ, ಬಸ್ಸು ನಿಲ್ಲುವುದಿಲ್ಲ ಟೀಚ—