ಮುಯ್ಯಿಯ ಅಧ್ಯಾಯ

೧ ಜುಲೈ, ಮಂಗಳವಾರ. ಬೆಳಿಗ್ಗೆ

ಮತ್ತೆ ಹೊನ್ನಾಳಿ ಬಸ್‌ಸ್ಟ್ಯಾಂಡ್. ಸವಳಂಗದ ಬಸ್ ಇನ್ನೂ ಇಲ್ಲ. ಟೀ ಬರೀ ಸಕ್ಕರೆ ನೀರು. ಪಿಎಚ್‌ಡಿ ಅಂದರೆ ಕುರ್ಚಿಯಲ್ಲಿ ಕೂತು ಯೋಚಿಸೋದು ಅಂದುಕೊಂಡಿದ್ದೆ. ಚನ್ನಗಿರಿ, ನ್ಯಾಮತಿ, ಜಗಳೂರು — ಎಲ್ಲ ಕಡೆ ನಿಂತೇ ಪ್ರಯಾಣ.

ವಿದೇಶಿ ಸಂಸ್ಥೆಯೊಂದು ಹಣ ಕೊಟ್ಟು ಹಳ್ಳಿ ಹೆಂಗಸರಿಗೆ ಪಂಪ್‌ಸೆಟ್ ರಿಪೇರಿ ಕಲಿಸ್ತಿದೆ. ಬೇಸಿಗೆಯಲ್ಲಿ ನೂಕುನುಗ್ಗಲು. ಈಗ ಕ್ಲಾಸ್ ಖಾಲಿ. ಯಾಕೆ ಅಂತ ನಾನು ಬರೀಬೇಕು: ಸಂಸ್ಥೆಗೆ ವರದಿ, ನನ್ನ ಪ್ರಬಂಧಕ್ಕೆ ಅದೇ ಅಧ್ಯಾಯ.

ಸಂಜೆ

ಕ್ಲಾಸ್ ಕೋಣೆಗೆ ಬೀಗ. ಕಲಿಯೋರೆಲ್ಲ ತಮ್ಮಲ್ಲೊಬ್ಬಳಾದ ಪುಷ್ಪಾವತಿಯ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೀತಿದ್ದರು. ಮುಯ್ಯಿ. ಇವತ್ತು ಎಲ್ಲರೂ ಇವಳ ಹೊಲಕ್ಕೆ, ನಾಳೆ ಇವಳು ಅವರ ಹೊಲಕ್ಕೆ. ಕೂಲಿ ಇಲ್ಲ. ತಪ್ಪಿಸೋ ಹಾಗೂ ಇಲ್ಲ.

“ಗಂಡ ಬಿಡಲ್ವಾ?” ಅಂದೆ. ಪ್ರಶ್ನಾವಳಿಯಲ್ಲಿತ್ತು, ಕೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಅವನ ಅಂಗಿ ಎಲ್ಲೈತೆ ಅಂತ ಅವನಿಗೇ ಗೊತ್ತಿಲ್ರೀ ಮೇಡಂ. ನನ್ನ ತಡೀತಾನಾ?” ಅಂದಳು ಪುಷ್ಪಾವತಿ. “ಮುಯ್ಯಿ ಬಿಟ್ಟು ಕ್ಲಾಸಿಗೆ ಬಂದ್ರೆ ನನ್ನ ಹೊಲಕ್ಕೆ ಯಾರು ಬರ್ತಾರೆ? ಕಳೆ ಮುಗಿಯೋತನಕ ಕ್ಲಾಸು ಸಂಜೆ ಇಡಾಕೆ ಹೇಳ್ರಿ. ಮೋಟ್ರು ಬಿಚ್ಚಾಕೆ ಕಲ್ತೀನಿ. ಕಟ್ಟಾಕೆ ಇನ್ನೂ ಬಂದಿಲ್ಲ.”

ಇಷ್ಟೇ. ಸಮಯ ಬದಲಿಸಿದರೆ ಸಾಕು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅಲ್ಲೇ ಅರ್ಧ ಅಧ್ಯಾಯ ಬರೆದೆ.

೯ ಜುಲೈ

ನನ್ನ ಗೈಡ್ ಗುರುಬಸವರಾಜ್ ಸರ್ ಡ್ರಾಫ್ಟ್ ಓದಿದರು.

“ನೋಡು ಕಾವ್ಯಶ್ರೀ, ಮುಯ್ಯಿ ಗಿಯ್ಯಿ ಅಂದ್ರೆ ಹಣ ಕೊಡೋ ಫಾರಿನ್‌ನೋರಿಗೆ ಹೆಂಗಮ್ಮ ಅರ್ಥ ಆಗುತ್ತೆ? ಗಂಡಂದಿರು ಬಿಡಲ್ಲ ಅಂತ ಬರಿ. ಮುಂದಿನ ಹಂತಕ್ಕೆ ಕ್ಲಾಸ್ ಇಲ್ಲ. ಗಂಡಂದಿರಿಗೆ ತಿಳುವಳಿಕೆ ಶಿಬಿರ. ಫಂಡಿಂಗ್ ಆಗಲೇ ಒಪ್ಪಿಗೆ ಆಗೈತೆ.”

ಉತ್ತರಕ್ಕೆ ಮೊದಲೇ ಒಪ್ಪಿಗೆ! ಹಾಗಾದರೆ ನನ್ನನ್ನು ಊರೂರು ಅಲೆಸಿದ್ದು ಯಾಕೆ?

ಆ ಒಂದು ವಾಕ್ಯ ಬರೆದರೆ ನವೆಂಬರಿನಲ್ಲಿ ಜಿನೀವಾ ಸಮ್ಮೇಳನ, ಸರ್ ಜೊತೆ ನನ್ನ ಹೆಸರೂ. ಬರೆಯದಿದ್ದರೆ ಪ್ರಬಂಧಕ್ಕೆ ಅವರ ಸಹಿ ಇಲ್ಲ. ಪಾಸ್‌ಪೋರ್ಟ್ ಮಾಡಿಸಿ ಬೀರುವಿನಲ್ಲಿಟ್ಟಿದ್ದೀನಿ. ಆಸೆ ಇದೆ. ಇಲ್ಲ ಅಂತ ಯಾರಿಗೆ ಸುಳ್ಳು ಹೇಳಲಿ…

೧೦ ಜುಲೈ

ಬರೆಯಲ್ಲ.

೨೨ ಜುಲೈ

ಸರ್ ಫೋನ್ ಎತ್ತುತ್ತಿಲ್ಲ. ತಿಂಗಳ ಕೊನೆಗೆ ಚನ್ನಗಿರಿಯಲ್ಲಿ ವಿದೇಶಿ ಸಂಸ್ಥೆಯವರ ಸಭೆ, ಅಲ್ಲಿ ವರದಿ ತಾವೇ ಓದ್ತಾರಂತೆ. ನನ್ನ ವರದಿ!

ಪುಷ್ಪಾವತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲು ನಗು. ಆಮೇಲೆ ಸಿಟ್ಟು.

“ಹಂಗೆ ಬರದ್ರೆ ನನ್ನ ಗಂಡ ಊರಾಗೆ ತಲೆ ಎತ್ತಿ ಓಡಾಡಾಕೆ ಆಗುತ್ತೇನ್ರೀ? ಮುಯ್ಯಿ ದಿನ ಹುಡುಗೀರ ಜಡೆ ಅವನೇ ಹಾಕ್ತಾನೆ. ಸೊಟ್ಟ ಹಾಕ್ತಾನೆ, ಆದ್ರೂ ಹಾಕ್ತಾನೆ. ಅವನ ಹೆಸರಿಗೆ ಮಸಿ ಬಳದು ನಮ್ಮ ಕ್ಲಾಸು ಮುಚ್ತಾರಾ? ನಮ್ಮ ಕ್ಲಾಸು ನಮಗೆ ಬೇಕ್ರಿ.”

ನನಗೂ ಬೇಕು. ನನಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

೩೧ ಜುಲೈ. ಚನ್ನಗಿರಿ, ಹನ್ನೊಂದೂವರೆ

ಸಭೆಗೆ ನನ್ನನ್ನು ಕರೆದಿಲ್ಲ. ಬಾಗಿಲಲ್ಲಿ ಯಾರೂ ತಡೆಯಲೂ ಇಲ್ಲ. ಕೊನೆಯ ಕುರ್ಚಿ. ವಿದೇಶಿ ಸಂಸ್ಥೆಯ ಮೇಡಂ ಎಲ್ಲರಿಗಿಂತ ಮುಂದೆ ಕೂತು ತಲೆ ಆಡಿಸ್ತಿದ್ದಾರೆ.

ಸರ್ ಓದ್ತಿದ್ದಾರೆ. ನಾನು ಬರೆದದ್ದೇ — ಸವಳಂಗ ಬಂತು. ಬೀಗ ಹಾಕಿದ ಕೋಣೆ ಬಂತು. ಈಗ… ಓದಿಬಿಟ್ಟರು. “ಗಂಡಂದಿರು ಕಳಿಸುವುದಿಲ್ಲ.” ಇಂಗ್ಲಿಷಿನಲ್ಲಿ ಎಷ್ಟು ಸಲೀಸು!

ಪ್ರಶ್ನೆ ಇದ್ದರೆ ಕೇಳಿ ಅಂದರು. ಕೈ ಎತ್ತಿದೆ. ನೋಡಿದರು. ಆ ಕಡೆ ತಿರುಗಿದರು.

ಇಳಿಸಲ್ಲ. ಬಲಗೈ ಮೇಲೆ, ಎಡಗೈಯಲ್ಲಿ ಬರೀತಿದ್ದೀನಿ. ಅಕ್ಷರ ಕಾಗೆಕಾಲು. ಸಹಿ ಹೋಯ್ತು. ಜಿನೀವಾನೂ ಹೋಯ್ತು. ಹೋಗಲಿ!

“ಟೈಮ್ ಇಲ್ಲ” ಅಂತಿದ್ದಾರೆ ಸರ್. ಮೇಡಂ ಹಿಂದೆ ತಿರುಗಿ ನನ್ನನ್ನೇ ನೋಡ್ತಿದ್ದಾರೆ. ಮೈಕ್ ಅಲ್ಲಿಗೆ ಕೊಡಿ ಅಂತ ಸನ್ನೆ… ಬರ್ತಿದೆ. ಎದ್ದು ನಿಂತಿದ್ದೀನಿ. ಮೊದಲು ಪುಷ್ಪಾವತಿಯ ಹೆಸರು ಹೇಳ್ಬೇಕು, ಆಮೇಲೆ ಮುಯ್ಯಿ, ಆಮೇಲೆ ಸಂಜೆ ಕ್ಲಾಸು. ಮೈಕ್ ಕೈಗೆ ಬಂತು —