‘ಮೂಲ ಸ್ಥಿತಿಯಲ್ಲಿದೆ’ ಎಂದು ತಾವು ಬರೆದುಕೊಟ್ಟ ಕೆಂಪು ಕಾರು

ಸಾರಿಗೆ ಕಚೇರಿಯ ಮುಖ್ಯಾಧಿಕಾರಿಗಳ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ತಮ್ಮ ಕಚೇರಿಯ ಮುದ್ರೆಯನ್ನು ನಂಬಿದ ಒಬ್ಬ ತಾಯಿ, ಶಾಲೆಗೆ ರಜೆ ಬಿಟ್ಟ ಕೂಡಲೇ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಬೆಟ್ಟ ಹತ್ತಲಿದ್ದಾಳೆ. ಹತ್ತುವಾಗ ಏನೂ ಆಗುವುದಿಲ್ಲ. ನಾನು ಬರೆಯುತ್ತಿರುವುದು ಅವರು ಇಳಿಯುವುದರ ಬಗ್ಗೆ.

ಆ ಕಾರಿನ ಎಂಜಿನ್ ಬದಲಾಗಿದೆ, ಬ್ರೇಕ್ ಬದಲಾಗಿಲ್ಲ. ಇದನ್ನು ತಮ್ಮ ಕಚೇರಿಗೆ ಬಾಯಲ್ಲಿ ಹೇಳಿದ್ದೇನೆ, ಬರೆದು ತಿಳಿಸಿದ್ದೇನೆ, ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕಾದಿದ್ದೇನೆ. ತಾವು ಉತ್ತರ ಕೊಡಲಿಲ್ಲವೆಂದು ದೂರುವಂತಿಲ್ಲ. ಉತ್ತರ ಬಂದಿದೆ: “ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ತಾವು ಸದರಿ ವಾಹನದ ಹಾಲಿ ಮಾಲೀಕರಲ್ಲದ ಕಾರಣ ವಿಲೇ ಇಡಲಾಗಿದೆ.” ಯಾರು ಪರಿಶೀಲಿಸಿದರು, ಯಾರು ವಿಲೇ ಇಟ್ಟರು ಎಂಬುದು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಭಾಷೆ ಕಲಿಸಿದವಳು ನಾನು. ಮನುಷ್ಯರು ಇಂಥ ವಾಕ್ಯಗಳನ್ನು ಯಾವಾಗ ಬಳಸುತ್ತಾರೆಂದು ಬಲ್ಲೆ. ಕಿಟಕಿಯ ಗಾಜು ಒಡೆದ ದಿನ ಇಡೀ ತರಗತಿ ಒಕ್ಕೊರಲಿನಿಂದ “ಒಡೆದುಹೋಗಿದೆ ಟೀಚರ್” ಎನ್ನುತ್ತಿತ್ತು. ಆದರೆ ಅಲ್ಲಿ ಒಡೆದದ್ದು ಗಾಜು ಮಾತ್ರ.

ಆ ಕಾರು ನನ್ನ ತಮ್ಮನದು. ಅವನು ಲೇತ್ ಕೆಲಸದವನು. ಯಾವುದೋ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಎರಡೇ ಸೀಟಿನ ಗಾಡಿಯನ್ನು ತಂದು, ಹೆಂಡತಿ ಮಕ್ಕಳಿಗೆ ಜನ ಎಷ್ಟು ಆರೈಕೆ ಮಾಡುತ್ತಾರೋ ಅಷ್ಟನ್ನೂ ಅದಕ್ಕೆ ಮಾಡಿದ. ಅದರ ಹಳೆಯ ಎಂಜಿನ್ ಉಸಿರು ನಿಲ್ಲಿಸಿದಾಗ, ಅದೇ ಕಂಪನಿಯ ದೊಡ್ಡ ಕಾರಿನ ಎಂಜಿನ್ನನ್ನು ತಂದು, ಕೆತ್ತಿ, ಕೊರೆದು, ಅದರೊಳಗೆ ಕೂರಿಸಿದ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಬಾನೆಟ್ ಎತ್ತಿದರೆ ಕುರುಡರಿಗೂ ತಿಳಿಯುತ್ತದೆ. ಅಷ್ಟು ಬಲದ ಎಂಜಿನ್ನಿಗೆ ಆ ಹಳೆಯ ಬ್ರೇಕ್ ಸಾಲದೆಂದು ಅವನಿಗೆ ಗೊತ್ತಿತ್ತು. ಹೊಸ ಬ್ರೇಕಿನ ಸಾಮಾನುಗಳನ್ನೆಲ್ಲ ತರಿಸಿ ಒಂದು ಮರದ ಪೆಟ್ಟಿಗೆಯಲ್ಲಿಟ್ಟಿದ್ದ. ಕೂರಿಸುವ ಮೊದಲೇ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ.

ಒಮ್ಮೆ ನಾನು ಅವನೊಡನೆ ಅದೇ ಬೆಟ್ಟದಿಂದ ಇಳಿದಿದ್ದೆ. ಊರಿನ ರಸ್ತೆಗಳಲ್ಲಿ ಹೇಳಿದಲ್ಲಿ ನಿಲ್ಲುತ್ತಿದ್ದ ಗಾಡಿ, ಒಂದೇ ಸಮನೆ ಇಳಿಜಾರು ಸಿಕ್ಕಿದ ಮೇಲೆ ಬೇರೆಯದೇ ಗಾಡಿಯಾಯಿತು. ಸುಟ್ಟ ವಾಸನೆ ಬಂದಿತು. ತಿರುವಿನಲ್ಲಿ ಅವನು ಬ್ರೇಕ್ ತುಳಿದ. ಪೆಡಲ್ ಒದ್ದೆ ಹಿಟ್ಟಿನೊಳಗೆ ಇಳಿದಂತೆ ನೆಲದವರೆಗೆ ಇಳಿಯಿತು. ಮತ್ತೊಮ್ಮೆ ತುಳಿದ, ಆಗ ಹಿಡಿಯಿತು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಏನೂ ಆಗದವನಂತೆ ಬಾಗಿಲು ತೆರೆದ.

“ಇದು ಬಿಸಿ ಆದ್ಮೇಲೆ ಹೀಗೇ ಅಕ್ಕ. ಮೊದಲನೇ ಸಲ ತುಳಿದ್ರೆ ಕೇಳಲ್ಲ, ಎರಡನೇ ಸಲಕ್ಕೆ ಕೇಳುತ್ತೆ. ನಿನ್ನ ಕ್ಲಾಸಿನ ಹುಡುಗರ ಥರ.”

“ನನ್ನ ಕ್ಲಾಸಲ್ಲಿ ಮೊದಲನೇ ಸಲಕ್ಕೇ ಕೇಳ್ತಿದ್ರು ಕಣೋ. ಎರಡನೇ ಸಲಕ್ಕೂ ಕೇಳದೇ ಹೋದ್ರೆ?”

“ಅದಕ್ಕೇ ಅಲ್ವಾ ಅರ್ಧ ದಾರೀಲಿ ನಿಲ್ಸೋದು. ಸುಮ್ನೆ ಕೂತ್ಕೋ, ತಣ್ಣಗಾಗ್ಲಿ.”

ಮಾನ್ಯರೇ, ಆ ಕಾರು ಅಷ್ಟು ವರ್ಷ ಯಾರನ್ನೂ ಕೊಲ್ಲಲಿಲ್ಲವೆಂದರೆ ಅದಕ್ಕೆ ಕಾರಣ ಅದರ ಬ್ರೇಕಲ್ಲ, ನನ್ನ ತಮ್ಮನ ಕಾಲು. ಅವನು ಹೋದ ಮೇಲೆ ಆ ಕಾಲು ಕಾರಿನ ಜೊತೆಗೆ ಮಾರಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ಕೊಳ್ಳಲು ಬಂದವರಿಗೆಲ್ಲ ಮೊದಲು ಕಾರನ್ನಲ್ಲ, ಆ ಪೆಟ್ಟಿಗೆಯನ್ನು ತೋರಿಸಿದೆ. ಕೆಲವರು ಮೂಗು ಮುರಿದು ಹೋದರು. ಕನ್ನಡಕದಂಗಡಿಯವರೊಬ್ಬರು ಮಾತ್ರ ಕೇಳಿ, ಪೆಡಲ್ ತುಳಿದು ನೋಡಿ, “ಬ್ರೇಕ್ ಹಾಕಿಸಿದ ಮೇಲೇನೇ ರಸ್ತೆಗೆ ಇಳಿಸ್ತೀನಿ ಟೀಚರ್” ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಮನಸ್ಸನ್ನು ಕೆಡಿಸಿದವರು ತಾವು.

ಹೇಗೆಂದು ಕೇಳುತ್ತೀರಾ? ಮಾಲೀಕತ್ವ ಬದಲಾಯಿಸುವ ಮುನ್ನ ತಮ್ಮ ಪರಿವೀಕ್ಷಕರು ನಮ್ಮ ಶೆಡ್ಡಿಗೆ ದಯಮಾಡಿಸಿದರು. ಕಾರನ್ನು ಕಂಡು ಅವರ ಮುಖ ಅರಳಿತು. ಒಂದು ಸುತ್ತು ಬಂದರು, ಬಾಗಿಲು ಸವರಿದರು, ಒಳಗೆ ಕುಳಿತರು, ತಮ್ಮ ಫೋನನ್ನು ನನ್ನ ಕೈಗಿತ್ತು ಫೋಟೊ ತೆಗೆಸಿಕೊಂಡರು. ಆ ಇಡೀ ಪರಿವೀಕ್ಷಣೆಯಲ್ಲಿ ಏನನ್ನಾದರೂ ಗಮನವಿಟ್ಟು ನೋಡಿದವಳು ನಾನೊಬ್ಬಳೇ, ಅದೂ ಫೋಟೊ ಸರಿಯಾಗಿ ಬರಲೆಂದು.

“ಬಾನೆಟ್ ತೆಗೆದು ತೋರಿಸ್ತೀನಿ,” ಎಂದೆ. “ಎಂಜಿನ್ ಬದಲಾಗಿದೆ. ಅದನ್ನು ನೀವು ಬರೆದುಕೊಳ್ಳಬೇಕು.”

“ಅಯ್ಯೋ ಬಿಡಿ ಮೇಡಂ, ಕೈಯೆಲ್ಲ ಮಸಿ ಆಗುತ್ತೆ. ಇಷ್ಟು ಹಳೇ ಗಾಡಿಗೆ ನಮ್ಮಲ್ಲಿರೋದು ಎರಡೇ ದಾರಿ. ಒಂದು, ಪಾರಂಪರಿಕ ವಾಹನ, ಮೂಲ ಸ್ಥಿತಿಯಲ್ಲಿದೆ ಅಂತ ಬರೀಬೇಕು. ಇಲ್ಲ, ಗುಜರಿ. ಗುಜರಿಗೆ ಹಾಕ್ತೀರಾ, ನಿಮ್ಮ ತಮ್ಮನ ಗಾಡೀನ?”

“ಇರೋದನ್ನ ಇರೋ ಹಾಗೆ ಬರೆಯೋದಕ್ಕೆ ದಾರಿ ಇಲ್ವಾ?”

“ಅದಕ್ಕೆ ಜಾಗಾನೇ ಇಲ್ಲ ಮೇಡಂ,” ಎಂದು ನಕ್ಕರು. ನನ್ನ ಮುಖ ಕಂಡು, “ಆಯ್ತು, ಬರ್ಕೊಳ್ತೀನಿ ಬಿಡಿ” ಎಂದೂ ಹೇಳಿ ಹೊರಟರು. ಸರ್ಕಾರದ ಪ್ರತಿನಿಧಿಯೊಬ್ಬರು ಬರೆದುಕೊಳ್ಳುತ್ತೇನೆಂದರೆ ಬರೆದುಕೊಳ್ಳುತ್ತಾರೆ ಎಂದು ನಂಬಿ ನಾನು ಕನ್ನಡಕದಂಗಡಿಯವರಿಗೆ ಕೀಲಿಯನ್ನೂ ಪೆಟ್ಟಿಗೆಯನ್ನೂ ಒಪ್ಪಿಸಿದೆ.

ಕೆಲವು ತಿಂಗಳ ಬಳಿಕ ಕನ್ನಡಕದ ಕಾಲು ಸಡಿಲವಾಗಿದೆಯೆಂಬ ನೆವ ಮಾಡಿಕೊಂಡು ಅವರ ಅಂಗಡಿಗೆ ಹೋದೆ. ಮರದ ಪೆಟ್ಟಿಗೆ ಅಂಗಡಿಯ ಮೂಲೆಯಲ್ಲಿತ್ತು. ಅದರ ಮೇಲೆ ಕನ್ನಡಿ ಇಟ್ಟಿದ್ದರು. ಮೊಳೆ ಹೊಡೆದದ್ದು ಹಾಗೆಯೇ ಇತ್ತು.

“ಹಾಕಿಸಬೇಕು ಅಂತಲೇ ಇದ್ದೆ ಟೀಚರ್, ಆಣೆ ಮಾಡಿ ಹೇಳ್ತೀನಿ. ಅಷ್ಟರಲ್ಲಿ ಆ ಸರ್ಟಿಫಿಕೇಟ್ ಬಂತಲ್ಲ! ಮೂಲ ಸ್ಥಿತಿ ಅಂತ ದೊಡ್ಡ ಮುದ್ರೆ. ಒಂದು ಬೋಲ್ಟ್ ಬದಲಾಯಿಸಿದರೂ ಅದು ರದ್ದಾಗುತ್ತೆ ಅಂದ್ರು. ರದ್ದಾದ್ರೆ ಅರ್ಧ ಬೆಲೆನೂ ಬರಲ್ಲ. ಅದಕ್ಕೇ ಮುಟ್ಟೋದು ಬೇಡ ಅಂತ ದಲ್ಲಾಳಿಗೆ ಕೊಟ್ಟುಬಿಟ್ಟೆ.”

“ದಲ್ಲಾಳಿಗೆ ಹೇಳಿದ್ರಾ?”

“ಹೇಳ್ದೆ… ಬ್ರೇಕು ಸ್ವಲ್ಪ ನೋಡ್ಕೊಳ್ಳಿ ಅಂತ.”

ಗಮನಿಸಬೇಕು ಮಾನ್ಯರೇ. ನನ್ನ ಬಾಯಲ್ಲಿ ಅದು ‘ಈ ಕಾರು ಇಳಿಜಾರಿನಲ್ಲಿ ನಿಲ್ಲುವುದಿಲ್ಲ’ ಎಂದಿತ್ತು. ಅವರ ಬಾಯಲ್ಲಿ ‘ಸ್ವಲ್ಪ ನೋಡ್ಕೊಳ್ಳಿ’ ಎಂದಾಯಿತು. ದಲ್ಲಾಳಿಯ ಬಾಯಲ್ಲಿ ಏನಾಯಿತೋ ತಿಳಿಯದು. ಅವನು ಅಂಗಡಿಗೆ ಬೀಗ ಹಾಕಿ ಊರು ಬಿಟ್ಟಿದ್ದಾನೆ. ಬಾಯಿಮಾತು ಕೈಯಿಂದ ಕೈಗೆ ಸವೆಯುತ್ತದೆ. ಸವೆಯದೆ ಉಳಿಯಲೆಂದೇ ಅಲ್ಲವೇ ಜನ ಕಚೇರಿಗಳನ್ನು ಕಟ್ಟಿಕೊಂಡದ್ದು, ಮುದ್ರೆಗಳನ್ನು ಮಾಡಿಸಿದ್ದು? ಇಲ್ಲಿ ಸತ್ಯವೆಲ್ಲ ಸವೆದುಹೋಗಿ ತಮ್ಮ ಸುಳ್ಳೊಂದೇ ಅಳಿಸಲಾಗದ ಶಾಯಿಯಲ್ಲಿ ಉಳಿದಿದೆ. ಅಷ್ಟೇ ಅಲ್ಲ, ಕಾರನ್ನು ಸರಿಪಡಿಸಿದವನಿಗೆ ನಷ್ಟ, ಹಾಗೆಯೇ ಸಾಗಹಾಕಿದವನಿಗೆ ಲಾಭ ಎಂಬ ನಿಯಮವನ್ನೂ ಆ ಮುದ್ರೆಯೇ ಮಾಡಿಟ್ಟಿದೆ. ತಾವು ಅಪಾಯವನ್ನು ಕಾಣಲಿಲ್ಲವೆಂದು ಮಾತ್ರ ನಾನು ಹೇಳುತ್ತಿಲ್ಲ. ಅದನ್ನು ಯಾರೂ ತೆಗೆದುಹಾಕದಂತೆ ಕಾವಲು ಕಾಯುತ್ತಿದ್ದೀರಿ ಎನ್ನುತ್ತಿದ್ದೇನೆ.

ಕಳೆದ ವಾರ ಪೆಟ್ರೋಲ್ ಬಂಕಿನ ಮುಂದೆ ನಡೆದು ಹೋಗುತ್ತಿದ್ದಾಗ ಆ ಎಂಜಿನ್ನಿನ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಔಷಧಿ ಅಂಗಡಿಯವರು ಧರಿಸುವಂಥ ಬಿಳಿಯ ಕೋಟಿನ ಹೆಂಗಸೊಬ್ಬಳು ಹಣ ಕೊಡುತ್ತಿದ್ದಳು. ಪಕ್ಕದ ಸೀಟಿನಲ್ಲಿ ಮುಂದಿನ ಎರಡು ಹಲ್ಲು ಬಿದ್ದಿದ್ದ ಹುಡುಗಿ. ನಾನು ಕಿಟಕಿಗೆ ಬಗ್ಗಿ ಎಲ್ಲವನ್ನೂ ಹೇಳಿದೆ: ಎಂಜಿನ್ನು, ಬ್ರೇಕು, ಪೆಟ್ಟಿಗೆ. ಆಕೆ ಸಿಡುಕಲಿಲ್ಲ. ಸಿಡುಕಿದ್ದರೆ ವಾಸಿಯಿತ್ತು, ಸಿಡುಕಿದವರು ಆಮೇಲೆ ಯೋಚಿಸುವುದುಂಟು. ಆಕೆ ವಯಸ್ಸಾದವರನ್ನು ಸಂತೈಸುವ ದನಿಯಲ್ಲಿ ಮಾತಾಡಿದಳು.

“ನೀವು ಹೇಳ್ತಿರೋದು ಬೇರೆ ಕಾರಿರಬೇಕು ಮೇಡಂ. ಇದಕ್ಕೆ ಒರಿಜಿನಲ್ ಅಂತ ಸರ್ಟಿಫಿಕೇಟ್ ಇದೆ. ಸರ್ಕಾರದವರೇ ಚೆಕ್ ಮಾಡಿ ಕೊಟ್ಟಿರೋದು.”

“ಅವರು ಬಾನೆಟ್ಟೇ ತೆಗೀಲಿಲ್ಲಮ್ಮ. ನಾನು ಅಲ್ಲೇ ನಿಂತಿದ್ದೆ.”

“ಬ್ರೇಕ್ ಚೆನ್ನಾಗೇ ಹಿಡಿಯುತ್ತೆ. ದಿನಾ ಓಡಿಸ್ತೀನಲ್ಲ.”

“ಊರೊಳಗೆ ಹಿಡಿಯುತ್ತೆ. ಇಳಿಜಾರಲ್ಲಿ—”

“ಅಜ್ಜಿ, ಅಜ್ಜಿ!” ಎಂದು ಹುಡುಗಿ ನಡುವೆ ಬಾಯಿ ಹಾಕಿದಳು. “ರಜಾ ಬಿಟ್ಟ ತಕ್ಷಣ ನಾವು ಬೆಟ್ಟದ ಮೇಲೆ ಹೋಗ್ತೀವಿ! ಮೇಲಿಂದ ಕೆಳಗೆ ಕಾರಿನ ಟಾಪ್ ತೆಗೆದೇ ಬರೋದು ಅಂತ ಅಮ್ಮ ಹೇಳಿದಾಳೆ!”

ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. “ಬರ್ತೀವಿ ಮೇಡಂ, ನೀವು ಹುಷಾರಾಗಿ ರಸ್ತೆ ದಾಟಿ” ಎಂದು ಆಕೆ ಹೊರಟೇಬಿಟ್ಟಳು. ನನಗೆ ಹುಷಾರು ಹೇಳಿ ಹೋದಳು! ಹುಡುಗಿ ತಿರುವಿನವರೆಗೂ ಕೈ ಬೀಸುತ್ತಿದ್ದಳು.

ಅಂದಿನಿಂದ ಊರಿನ ಔಷಧಿ ಅಂಗಡಿಗಳನ್ನೆಲ್ಲ ಅಲೆದಿದ್ದೇನೆ. ಸುಮ್ಮನೆ ವಿಚಾರಿಸಲು ಸಂಕೋಚವಾಗಿ ಹೋದಲ್ಲೆಲ್ಲ ಕೆಮ್ಮಿನ ಔಷಧಿ ಕೊಂಡು, ಈಗ ಇಡೀ ಬೀದಿಗೆ ಕೆಮ್ಮು ಬಂದರೂ ಸಾಲುವಷ್ಟು ಮನೆಯಲ್ಲಿದೆ. ಆಕೆ ಸಿಕ್ಕಲಿಲ್ಲ. ಪೊಲೀಸ್ ಠಾಣೆಯವರು, “ಇನ್ನೂ ಏನೂ ಆಗಿಲ್ವಲ್ಲ ಮೇಡಂ” ಎಂದರು. ಆದ ಮೇಲೆ ಅವರು ಬಹಳ ಚುರುಕಾಗಿ ಬರುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಕಾರಿನ ನೋಂದಣಿ ಸಂಖ್ಯೆಯನ್ನು ಈ ಬಹಿರಂಗ ಪತ್ರದ ಜೊತೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಕೋರಿದೆ; ಸಂಪಾದಕರು ಕಾನೂನಿನ ಭಯದಿಂದ ಒಪ್ಪಲಿಲ್ಲ. ಆ ಸಂಖ್ಯೆಯಿಂದ ಆಕೆಯ ವಿಳಾಸವನ್ನು ಕಂಡುಹಿಡಿಯಬಲ್ಲವರು ತಾವೊಬ್ಬರೇ. ತಮ್ಮ ಕಚೇರಿಯಲ್ಲಿ ಕೇಳಿದರೆ ಅದು ಖಾಸಗಿ ಮಾಹಿತಿಯಂತೆ. ಆಕೆಯ ವಿಳಾಸವನ್ನು ಇಷ್ಟು ಜೋಪಾನವಾಗಿ ಕಾಪಾಡುವ ತಾವು ಆಕೆಯನ್ನೂ ಒಂದಿಷ್ಟು ಕಾಪಾಡಬಾರದೇ?

ಹೋಗಲಿ, ವಿಳಾಸ ನನಗೆ ಬೇಡ. ಇಂದೇ ಒಬ್ಬರನ್ನು ಆ ಮನೆಗೆ ಕಳುಹಿಸಿ. ಅಂಚೆಯಲ್ಲಿ ತಿಳಿಸಬೇಡಿ, ಅಂಚೆ ತಲುಪುವಷ್ಟರಲ್ಲಿ ರಜೆ ಆರಂಭವಾಗಿರುತ್ತದೆ. ಬಂದವರು ಆ ತಾಯಿಯ ಕಣ್ಣೆದುರಿಗೇ ಬಾನೆಟ್ ತೆಗೆಯಲಿ, ಕೈ ಮಸಿಯಾದರೆ ಸಾಬೂನು ನಾನು ಕೊಡಿಸುತ್ತೇನೆ. ‘ಮೂಲ ಸ್ಥಿತಿ’ ಎಂಬ ಆ ಎರಡು ಪದಗಳನ್ನು ಹೊಡೆದುಹಾಕಿ, ಕಾರು ಏನಾಗಿದೆಯೋ ಅದನ್ನು ಬರೆಯಲಿ. ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಲಿ. ಬ್ರೇಕ್ ಬದಲಾಗುವವರೆಗೆ ಅದು ಮನೆಯ ಮುಂದಿನಿಂದ ಕದಲಕೂಡದು.

ಇನ್ನು ಮುಂದಿನ ನಾಲ್ಕು ಮಾತು ತಮಗಲ್ಲ, ಮಾನ್ಯರೇ.

ಬಿಳಿಯ ಕೋಟಿನ ತಾಯಿ, ಇದು ನಿನ್ನ ಕಣ್ಣಿಗೆ ಬಿದ್ದರೆ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗು. ನನ್ನನ್ನು ಅರಳುಮರಳು ಮುದುಕಿಯೆಂದುಕೊಂಡಾದರೂ ಸರಿ, ಬಸ್ಸಿನಲ್ಲಿ ಹೋಗು. ಆಗಲೇ ಮೇಲೆ ತಲುಪಿದ್ದರೆ ಕಾರನ್ನು ಅಲ್ಲಿಯೇ ಬಿಟ್ಟು ಮಗಳ ಕೈ ಹಿಡಿದು ಇಳಿದು ಬಾ. ಇದನ್ನು ಬೆಟ್ಟದ ಮೇಲಿನ ತಂಗುಮನೆಯಲ್ಲಿ ಕುಳಿತು ಓದುತ್ತಿರುವವರು ಯಾರಾದರೂ ಇದ್ದರೆ, ದಯವಿಟ್ಟು ಪತ್ರಿಕೆಯನ್ನು ಕೆಳಗಿಟ್ಟು ಕಿಟಕಿಯಿಂದಾಚೆ ನೋಡಿ. ಅಂಗಳದಲ್ಲಿ ಎರಡು ಸೀಟಿನ ಕೆಂಪು ಕಾರು ನಿಂತಿದ್ದರೆ ಅದರ ಕೀಲಿಯನ್ನು ಕದ್ದು ಬಚ್ಚಿಡಿ. ಕದಿಯಲು ಕಲಿಸಿದವಳು ನಾನೆಂದು ಹೇಳಿ. ಬೈಗುಳವನ್ನೆಲ್ಲ ನನ್ನ ಪಾಲಿಗೆ ಕಳುಹಿಸಿ.

ಇಂತಿ,
ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಮಾತು ತಪ್ಪಾಗಲಿ ಎಂದು ಹಾರೈಸುತ್ತಿರುವ
ನಿವೃತ್ತ ಶಾಲಾ ಶಿಕ್ಷಕಿ