ಕೆನಡಾ ಚಾಂಪಿಯನ್‌ನ ಬೆಲ್ಟ್

ಕಾಕಾ, ನಮಸ್ಕಾರ.

ಇವತ್ತು ಅರಬರ ನಾಡಿನ ಈ ನೈಫ್ ಪೇಟೆಯ ನಮ್ಮ ಚರ್ಮದ ಅಂಗಡಿಗೆ ಕೆನಡಾದ ವಯಸ್ಸಾದ ಪೈಲ್ವಾನರೊಬ್ಬರು ತಮ್ಮ ಪ್ರಾಂತ್ಯದ ಕುಸ್ತಿ ಚಾಂಪಿಯನ್ ಬೆಲ್ಟ್ ತಂದಿದ್ದರು. ಅದರ ಮೇಲೆ ಗೆದ್ದ ಹದಿನಾಲ್ಕು ಜನರ ಹೆಸರುಗಳಿವೆ, ಕೊನೆಯದು ಅವರದೇ. ಅವರು ಗೆದ್ದ ವರ್ಷವೇ ಪಂದ್ಯ ನಿಂತುಹೋಯಿತಂತೆ. ಮೂವತ್ತು ವರ್ಷದ ಮೇಲೆ ಈಗ ಮತ್ತೆ ಶುರುವಾಗುತ್ತಿದೆ. ಗೆದ್ದವನಿಗೆ ಇವರೇ ಬೆಲ್ಟ್ ಕಟ್ಟಬೇಕು, ಆದರೆ ಚರ್ಮ ಒಡೆದುಹೋಗಿತ್ತು. ನೀವು ಕಲಿಸಿದ ಹೊಲಿಗೆಯಲ್ಲೇ ಹೊಸ ಚರ್ಮ ಕೂಡಿಸಿದೆ. ಈಗ ದಪ್ಪಗಾದ ಅವರ ಸೊಂಟಕ್ಕೆ ಸುತ್ತಿ ನೋಡಿದರೆ ಗುಂಡಿ ಮುಟ್ಟಲೇ ಇಲ್ಲ!

"ಯಲ್ಲಾ, ನೀನ ಕಟ್ಕೊಂಡ ತೋರ್ಸಲೇ," ಎಂದ ಮಾಲೀಕ ಶೇಖಪ್ಪಣ್ಣ. 'ಯಲ್ಲಾ' ಅಂದರೆ ಇಲ್ಲಿನವರ ಮಾತಿನಲ್ಲಿ 'ನಡಿ, ಬೇಗ' ಅಂತ.

ಕಟ್ಟಿಕೊಂಡೆ. ಪೈಲ್ವಾನರು ನನ್ನ ಕೈ ಮೇಲೆತ್ತಿ ಹಿಡಿದು ಗಟ್ಟಿಯಾಗಿ ಕೂಗಿದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಐದು ನಿಮಿಷ ನಾನೇ ಚಾಂಪಿಯನ್, ಕಾಕಾ!

ಹೋದ ಪತ್ರದಲ್ಲಿ ಬರೆದಿದ್ದ ನನ್ನ ಮಣಿಕಟ್ಟಿನ ನೋವು ಈಗ ಕಡಿಮೆ. ಗಿರಾಕಿ ಬಂದರು, ನಿಲ್ಲಿಸುತ್ತೇನೆ.

ನಿಮ್ಮ ಪರಸು